ಕೈ ಊರದೆ ಕುರ್ಚಿಯಿಂದ ಎದ್ದ ಕಥೆ

ನಾನು ಬಿದ್ದದ್ದು ರಾತ್ರಿ ಎರಡು ಗಂಟೆಯ ಹೊತ್ತಿಗೆ, ಹಾಸಿಗೆಗೂ ಬಚ್ಚಲಿಗೂ ನಡುವಿನ ಹತ್ತು ಹೆಜ್ಜೆಯಲ್ಲಿ. ಮೂತ್ರಕ್ಕೆಂದು ಎದ್ದವನಿಗೆ ಕಣ್ಣು ಕತ್ತಲಿಟ್ಟಿತು. ಗೋಡೆಗೆ ಕೈ ಚಾಚಿದೆ, ಗೋಡೆ ಸಿಗಲಿಲ್ಲ. ಆಗ ನನಗೆ 71. ಮೂಳೆ ಮುರಿಯಲಿಲ್ಲ, ಮೊಣಕೈ ತರಚಿತು, ಸೊಂಟ ನಾಲ್ಕು ದಿನ ನೋಯಿತು. ದೊಡ್ಡ ಗಂಡಾಂತರ ತಪ್ಪಿತು ಎಂದು ಮನೆಯವರೆಲ್ಲ ಸಮಾಧಾನಪಟ್ಟರು. ತಪ್ಪಿರಲಿಲ್ಲ, ತಡವಾಗಿ ಬಂತು ಅಷ್ಟೇ.

ಮೊದಲು ಸಂಜೆಯ ನಡಿಗೆ ನಿಂತಿತು. ಆಮೇಲೆ ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ನೀರಿನ ಲೋಟವನ್ನೂ ಮಗ ಕೂತಲ್ಲಿಗೇ ತಂದುಕೊಡತೊಡಗಿದ. ಮೂರು ತಿಂಗಳಾಗುವಷ್ಟರಲ್ಲಿ ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಯಿತು. ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ಯಾಕೆ ಹೀಗಿದ್ದೀರಿ ಎಂದು ಯಾರಾದರೂ ಕೇಳಿದರೆ ‘ಮಂಡಿ ನೋವು’ ಎನ್ನುತ್ತಿದ್ದೆ. ಬದುಕು ಬೇಸರವಾಗಿದೆ ಎಂದು ಹೇಳಲು ನನ್ನ ವಯಸ್ಸಿನ ಗಂಡಸರಿಗೆ ನಾಲಿಗೆ ಹೊರಳುವುದಿಲ್ಲ. ಮಂಡಿ ನೋವಾದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ವೃದ್ಧರನ್ನೇ ನೋಡುವ ವೈದ್ಯರೊಬ್ಬರ ಬಳಿ ಸೊಸೆ ಹಠ ಮಾಡಿ ಕರೆದೊಯ್ದಳು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬರಲು ಅವರು ಮೊದಲೇ ಹೇಳಿದ್ದರು. ಐದು ನಿಮಿಷ ಮಲಗಿಸಿ ಬಿಪಿ ನೋಡಿದರು, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತೆ, ಮೂರನೇ ನಿಮಿಷಕ್ಕೆ ಇನ್ನೊಮ್ಮೆ. ಮಲಗಿದ್ದಾಗ 148 ಇದ್ದ ಮೇಲಿನ ಅಂಕಿ ನಿಂತಾಗ 118ಕ್ಕೆ ಇಳಿದಿತ್ತು. 20 ಇಳಿದರೇ ಎಚ್ಚರ ವಹಿಸಬೇಕಂತೆ. ಎದ್ದ ಕೂಡಲೇ ರಕ್ತ ಕಾಲಿನ ಕಡೆಗೆ ಜಾರುತ್ತದೆ. ಪ್ರಾಯದಲ್ಲಿ ರಕ್ತನಾಳಗಳು ತಕ್ಷಣ ಬಿಗಿದು ಅದನ್ನು ತಡೆಯುತ್ತವೆ, ವಯಸ್ಸಾದ ಮೇಲೆ ಅವು ತಡಮಾಡುತ್ತವೆ. ಸಾಲದ್ದಕ್ಕೆ ನಾನು ರಾತ್ರಿ ಬಿಪಿ ಮಾತ್ರೆ, ರಕ್ತನಾಳಗಳನ್ನು ಸಡಿಲಿಸುವ ಪ್ರಾಸ್ಟೇಟ್ ಮಾತ್ರೆ, ನಿದ್ದೆ ಬರಲೆಂದು ಹಳೆಯ ತಲೆಮಾರಿನ ಅಲರ್ಜಿ ಮಾತ್ರೆ, ಮೂರನ್ನೂ ಒಟ್ಟಿಗೆ ನುಂಗುತ್ತಿದ್ದೆ. ಮೂರನ್ನು ಬರೆದುಕೊಟ್ಟವರು ಮೂವರು ವೈದ್ಯರು. ಅವು ಒಂದನ್ನೊಂದು ಭೇಟಿಯಾದದ್ದು ನನ್ನ ಹೊಟ್ಟೆಯಲ್ಲಿಯೇ. ಇಂಥ ಅಲರ್ಜಿ ಮಾತ್ರೆ ವಯಸ್ಸಾದವರ ನೆನಪನ್ನೂ ಮಂಕಾಗಿಸುತ್ತದೆ ಎಂದು ಅದನ್ನು ನಿಲ್ಲಿಸಿದರು, ಬಿಪಿ ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿದರು. ರಕ್ತದಲ್ಲಿ ಬಿ12 ಜೀವಸತ್ವ ಕಡಿಮೆ ಇತ್ತು. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷದಿಂದ ನುಂಗುತ್ತಿದ್ದ ಮೆಟ್‌ಫಾರ್ಮಿನ್‌ನಿಂದ ಹಾಗಾಗುವುದುಂಟು.

ಆಮೇಲೆ ಹೌದು-ಇಲ್ಲ ಎಂದು ಉತ್ತರಿಸುವ ಹದಿನೈದು ಪ್ರಶ್ನೆ ಕೇಳಿದರು. ಐದಕ್ಕಿಂತ ಹೆಚ್ಚು ಅಂಕ ಬಂದರೆ ಖಿನ್ನತೆ ಇದೆಯೇ ಎಂದು ನೋಡಬೇಕು. ನನಗೆ ಒಂಬತ್ತು ಬಂತು. ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಅಲ್ಲವೇ ಡಾಕ್ಟ್ರೇ’ ಎಂದೆ. ‘ಹಳಬರು ನೆನಪಾಗಿ ಅಳು ಬರುವುದು ಇದ್ದದ್ದೇ. ಮೂರು ತಿಂಗಳು ಪತ್ರಿಕೆ ಬಿಡಿಸದಿರುವುದು ಇದ್ದದ್ದಲ್ಲ’ ಎಂದರು. ಪತ್ರಿಕೆಯ ಸುದ್ದಿಯನ್ನು ಸೊಸೆ ಮೊದಲೇ ಮುಟ್ಟಿಸಿದ್ದಳು! ಚಿಕ್ಕ ಪ್ರಮಾಣದಲ್ಲಿ ಔಷಧಿ ಶುರುವಾಯಿತು. ಅದು ವಯಸ್ಸಾದವರಲ್ಲಿ ಸೋಡಿಯಂ ಇಳಿಸಬಹುದೆಂದು ಎರಡು ವಾರಕ್ಕೆ ರಕ್ತ ಪರೀಕ್ಷೆಯೂ ಆಯಿತು.

ಇನ್ನು ಕುರ್ಚಿಯ ವಿಷಯ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಎರಡೂ ಕೈ ಎದೆಗೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂಬುದು ಪರೀಕ್ಷೆ. 70ರಿಂದ 74ರ ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲು ಸೋತಿದೆ ಎಂದರ್ಥ. ಮೊಮ್ಮಗಳು ಮೊಬೈಲ್ ಹಿಡಿದು ಎದುರು ಕೂತಳು. ನಾನು ಎದ್ದೆ. ‘ತಾತ, ಕೈ ಊರಿದಿರಿ, ಇದು ಲೆಕ್ಕಕ್ಕಿಲ್ಲ’ ಎಂದಳು. ಆ ದಿನದ ಅಂಕ ಸೊನ್ನೆ.

ಫಿಸಿಯೋಥೆರಪಿಯ ಹುಡುಗಿ ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಹಾಕಿಸಿ ಎತ್ತರಿಸಿದಳು. ನನ್ನ ತಪ್ಪು ಎಲ್ಲಿದೆ ಎಂಬುದೂ ಅವಳಿಗೇ ಕಂಡಿತು: ಬೆನ್ನು ನೆಟ್ಟಗೆ ಇಟ್ಟುಕೊಂಡೇ ಏಳಲು ಹೆಣಗುತ್ತಿದ್ದೆ. ಮೊದಲು ಕುರ್ಚಿಯ ಅಂಚಿಗೆ ಸರಿಯಬೇಕು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು. ಆಗ ಅಂಡು ತಾನಾಗಿ ಮೇಲೇಳುತ್ತದೆ. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಬೇಕು. ಹೀಗೆ ನಿಧಾನವಾಗಿ ಇಳಿಯುವಾಗಲೂ ತೊಡೆಗೆ ಕೆಲಸ ಬೀಳುತ್ತದೆ. ದಿನ ಬಿಟ್ಟು ದಿನ, ಐದರಂತೆ ಎರಡು ಸುತ್ತು ಮಾಡಿದೆ. ಮೊದಲ ಎರಡು ವಾರ ತೊಡೆ ನೋವು ಬಿಟ್ಟರೆ ಏನೂ ಬರಲಿಲ್ಲ. ಆರನೇ ವಾರ ಒಂದು ದಿಂಬು ತೆಗೆದೆ. ಮೂರು ತಿಂಗಳಿಗೆ, ದಿಂಬಿಲ್ಲದೆ, ಎಂಟು. ಆರು ತಿಂಗಳಿಗೆ ಹದಿಮೂರು.

ಈ ವಯಸ್ಸಿನಲ್ಲಿ ಮಾಂಸಖಂಡ ಬೆಳೆಯುತ್ತದೆಯೇ ಎಂದು ನಗುವವರಿಗೆ ಒಂದು ಮಾತು. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ವೃದ್ಧಾಶ್ರಮದಲ್ಲಿದ್ದ 90ರ ಆಸುಪಾಸಿನವರು ಎಂಟು ವಾರ ತೂಕ ಎತ್ತಿದ್ದಕ್ಕೆ ಅವರ ತೊಡೆಯ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. ಬರೀ ನಡೆದರೆ ಸಾಕೆಂದು ನಾನೂ ನಂಬಿದ್ದವನೇ. ನಡಿಗೆ ಒಳ್ಳೆಯದು, ಆದರೆ ಕುರ್ಚಿಯಿಂದ ಮೇಲೆತ್ತುವ ಬಲ ಅದರಿಂದ ಅಷ್ಟಾಗಿ ಬರುವುದಿಲ್ಲ. ಆಯ ತಪ್ಪದಿರಲು ಬೇಸಿನ್ ಹಿಡಿದು ಒಂದು ಪಾದದ ಮುಂದೆ ಇನ್ನೊಂದಿಟ್ಟು ಹತ್ತು ಸೆಕೆಂಡ್ ನಿಲ್ಲುವುದನ್ನೂ ರೂಢಿಸಿಕೊಂಡೆ.

ನೆನಪಿನ ಶಕ್ತಿಗೆಂದು ಮಗ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಿದ್ದ. ಎರಡು ತಿಂಗಳಲ್ಲಿ ಆ ಆಟದಲ್ಲಿ ಪಳಗಿದೆ, ಕನ್ನಡಕ ಎಲ್ಲಿಟ್ಟೆ ಎಂಬುದು ಆಗಲೂ ನೆನಪಿರುತ್ತಿರಲಿಲ್ಲ. ಅದಕ್ಕಿಂತ ಕೆಲಸಕ್ಕೆ ಬಂದದ್ದು ಎರಡು ವರ್ಷ ಡ್ರಾಯರಿನಲ್ಲಿ ಮಲಗಿದ್ದ ಕಿವಿಯ ಯಂತ್ರ. ಹಾಕಿಕೊಂಡ ಮೊದಲ ದಿನ ಪತ್ರಿಕೆ ಮಡಚುವ ಸದ್ದೇ ಗುಡುಗಿನಂತೆ ಕೇಳಿ ಕಿತ್ತಿಟ್ಟಿದ್ದೆ. ಈ ಸಲ ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿದೆ. ಮನೆಯವರು ನಕ್ಕಾಗ ಕಾರಣ ತಿಳಿಯದೆ ಜೊತೆಗೆ ನಗುತ್ತಿದ್ದುದು ನಿಂತಿತು.

ಐದಾರು ವಾರಕ್ಕೆ ಮನಸ್ಸು ತಿಳಿಯಾಯಿತು. ಮಾತ್ರೆಯಿಂದ ಎನ್ನುತ್ತಾಳೆ ಸೊಸೆ, ಕುರ್ಚಿಯಿಂದ ಎನ್ನುತ್ತೇನೆ ನಾನು. ಮಾತ್ರೆಯನ್ನಂತೂ ಬಿಟ್ಟಿಲ್ಲ. ರಾತ್ರಿ ಎಚ್ಚರವಾದರೆ ಹಾಸಿಗೆಯಂಚಿನಲ್ಲಿ ಕೂತು, ಪಾದಗಳನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ದೀಪ ಹಾಕಿ, ಆಮೇಲೆ ಏಳುತ್ತೇನೆ.

ಭಾನುವಾರದ ಲೆಕ್ಕವನ್ನು ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಕಳೆದ ವಾರ ಹನ್ನೊಂದಕ್ಕೆ ಇಳಿಯಿತು. ಜ್ವರ ಬಿಟ್ಟು ಎರಡೇ ದಿನವಾಗಿದೆ, ಇದನ್ನು ಬರೆಯಬೇಡ ಎಂದು ವಾದಿಸಿದೆ. ಬರೆದಳು. ಪಕ್ಕದಲ್ಲಿ ಚಿಕ್ಕದಾಗಿ ‘ಜ್ವರ’ ಎಂದೂ ಬರೆದಳು.