ಲಾಟರಿ ಗೆಲ್ಲುವ ಅವಕಾಶ ಎಷ್ಟು? ಮಾವಿನಹಣ್ಣಿನಿಂದ ಲೆಕ್ಕ ಶುರು ಮಾಡಿ

ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿದ್ದೀರಿ ಅಂದುಕೊಳ್ಳಿ. ಮುಂದೆ ಐದು ತಳಿ ಇವೆ: ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನೀಲಂ. ಮನೆಗೆ ಎರಡು ತಳಿ ಸಾಕು. ಎಷ್ಟು ಬಗೆಯಲ್ಲಿ ಆರಿಸಬಹುದು? ಲಾಟರಿಯ ಲೆಕ್ಕವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಮೊದಲ ತಳಿಗೆ 5 ಆಯ್ಕೆ. ಅದು ಚೀಲಕ್ಕೆ ಬಿದ್ದ ಮೇಲೆ ಉಳಿದದ್ದು 4. ಗುಣಿಸಿದರೆ 20. ಬಹಳ ಮಕ್ಕಳು ಇಲ್ಲೇ ನಿಲ್ಲಿಸಿಬಿಡುತ್ತಾರೆ. ಆದರೆ ಬಾದಾಮಿ ಮೊದಲು ಹಾಕಿದರೂ, ರಸಪುರಿ ಮೊದಲು ಹಾಕಿದರೂ ಮನೆಗೆ ಬರುವ ಚೀಲ ಒಂದೇ, ಅಲ್ವಾ? ಪ್ರತಿ ಜೋಡಿಯನ್ನೂ ಎರಡು ಸಲ ಎಣಿಸಿದ್ದೇವೆ. ಅದಕ್ಕೇ 20ನ್ನು 2ರಿಂದ ಭಾಗಿಸಬೇಕು. ಉತ್ತರ 10. ನಂಬಿಕೆ ಬರದಿದ್ದರೆ ಹತ್ತೂ ಜೋಡಿಯನ್ನು ಕಾಗದದ ಮೇಲೆ ಬರೆದು ನೋಡಿ.

ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯವಲ್ಲದ ಈ ಆಯ್ಕೆಗೆ ಗಣಿತದಲ್ಲಿ ವಿಕಲ್ಪ ಎಂದು ಹೆಸರು. ಇದರ ಸೂತ್ರವನ್ನು 9ನೇ ಶತಮಾನದಲ್ಲೇ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಬರೆದಿಟ್ಟಿದ್ದಾರೆ. ಇದನ್ನು ಹೇಳುವಾಗೆಲ್ಲ ನನಗೆ ಹೆಮ್ಮೆ.

ಈಗ ಲಾಟರಿಗೆ ಬನ್ನಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ಇಲ್ಲ. ಆದರೂ ವಿಕಲ್ಪ ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹೊರದೇಶಗಳಲ್ಲಿ 1ರಿಂದ 49ರವರೆಗಿನ ಸಂಖ್ಯೆಗಳಲ್ಲಿ ಆರನ್ನು ನೀವೇ ಆರಿಸುವ ಲಾಟರಿ ಇದೆ. ಆರೂ ಹೊಂದಿದರೆ ದೊಡ್ಡ ಬಹುಮಾನ. (ಕೇರಳದ ಟಿಕೆಟ್‌ನಲ್ಲಿ ಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ. ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.)

ಮಾವಿನ ಲೆಕ್ಕದಂತೆಯೇ ಇಲ್ಲೂ ಗುಣಿಸಿ, ಆಮೇಲೆ ಭಾಗಿಸಬೇಕು. ಭಿನ್ನರಾಶಿಯಾಗಿ ಬರೆದರೆ ಮೇಲೆ 49×48×47×46×45×44. ಕೆಳಗೆ 6×5×4×3×2×1, ಅಂದರೆ 720. ಆರು ಸಂಖ್ಯೆಗಳನ್ನು ಹಿಂದೆ ಮುಂದೆ ಜೋಡಿಸಲು ಅಷ್ಟು ದಾರಿಗಳಿವೆ.

ಮೇಲಿನ ಗುಣಲಬ್ಧ ಸಾವಿರ ಕೋಟಿ ದಾಟುತ್ತದೆ, ಸಣ್ಣ ಕ್ಯಾಲ್ಕುಲೇಟರ್‌ನಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಒಂದು ಸುಲಭ ದಾರಿ ಇದೆ. ಗುಣಿಸಿದ ಕೂಡಲೇ ಭಾಗಿಸುತ್ತಾ ಹೋಗಿ. 49×48÷2 = 1,176. ಅದನ್ನು ×47÷3 ಮಾಡಿದರೆ 18,424. ×46÷4 = 2,11,876. ×45÷5 = 19,06,884. ಕೊನೆಗೆ ×44÷6 = 1,39,83,816. ನಡುವೆ ಎಲ್ಲೂ ಶೇಷ ಉಳಿಯಲಿಲ್ಲ, ಗಮನಿಸಿ. ಪ್ರತಿ ಹಂತದ ಉತ್ತರವೂ ಒಂದು ವಿಕಲ್ಪವೇ. 1,176 ಅಂದರೆ 49ರಲ್ಲಿ ಎರಡನ್ನು ಆರಿಸುವ ಬಗೆಗಳು.

ಹಾಗಾದರೆ ಒಂದು ಟಿಕೆಟ್‌ಗೆ ಗೆಲ್ಲುವ ಅವಕಾಶ ಹತ್ತಿರ ಹತ್ತಿರ 1.4 ಕೋಟಿಯಲ್ಲಿ ಒಂದು. ಎಷ್ಟು ಕಡಿಮೆ ಅಂತ ಕಣ್ಣಿಗೆ ಕಾಣಬೇಕಾದರೆ ಮನೆಯ ರಾಗಿ ತನ್ನಿ. ಸಾವಿರ ಕಾಳು ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ 1,39,83,816 ಕಾಳು ಅಂದರೆ ಸುಮಾರು 35 ಕೆಜಿ. ಅಷ್ಟು ರಾಗಿ ಇರುವ ಮೂಟೆಯಲ್ಲಿ ಒಂದೇ ಒಂದು ಕಾಳಿಗೆ ಬಣ್ಣ ಹಚ್ಚಿ ಕಲಸಿಬಿಡಿ. ಕಣ್ಣು ಮುಚ್ಚಿ ಒಂದು ಕಾಳು ತೆಗೆಯಿರಿ. ಅದೇ ಬಣ್ಣದ ಕಾಳು ಆಗಿರಬೇಕು.

1, 2, 3, 4, 5, 6 ಅಂತ ಬರೆದರೆ ಅವಕಾಶ ಕಡಿಮೆಯೇ? ಇಲ್ಲ. ಅದೂ ಒಂದು ಕಾಳೇ, ಬೇರೆಲ್ಲದರಷ್ಟೇ.

ಮೂರು ಸಂಖ್ಯೆ ಮಾತ್ರ ಹೊಂದುವ ಅವಕಾಶ? ಗೆದ್ದ ಆರರಲ್ಲಿ ಮೂರು ಆರಿಸಲು 20 ಬಗೆ, ಉಳಿದ 43ರಲ್ಲಿ ಮೂರು ಆರಿಸಲು 12,341. ಗುಣಿಸಿದರೆ 2,46,820. ಇದರಿಂದ 1,39,83,816ನ್ನು ಭಾಗಿಸಿದರೆ ಸುಮಾರು 57ಕ್ಕೆ ಒಂದು. ನಾಲ್ಕು ಹೊಂದುವುದನ್ನು ನೀವೇ ಮಾಡಿ. ಸುಮಾರು 1,032ಕ್ಕೆ ಒಂದು ಅಂತ ಬಂದರೆ ನಿಮ್ಮ ಲೆಕ್ಕ ಸರಿ.