ಚಳಿಗಾಲದ ಸೂರ್ಯಾಸ್ತ ಹುಡುಕಿ ದಡದುದ್ದಕ್ಕೂ

ಚಳಿಗಾಲದಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಅವನು 23 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ಸರಿದಿರುತ್ತಾನೆ. ಸಮಭಾಜಕದಿಂದ ದೂರ ಹೋದಷ್ಟೂ ಇನ್ನಷ್ಟು. ಫೋಟೊ ತೆಗೆಯುವ ನನಗೆ ಅದೇ ಲಾಭ. ಪಶ್ಚಿಮಕ್ಕೆ ಮುಖ ಮಾಡಿದ ತೀರದಲ್ಲಿ ನಿಂತರೆ ಬರೀ ನೀರು, ಆಕಾಶ ಅಲ್ಲ, ಎಡಗಡೆಯ ದಡ, ಬಂಡೆಗಳೂ ಫ್ರೇಮಿಗೆ ಸಿಗುತ್ತವೆ.

ಹವಾಮಾನಕ್ಕಿಂತ ಮೊದಲು ನಾನು ನೋಡುವುದು ಸಮುದ್ರದ ಇಳಿತದ ಹೊತ್ತು. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಇಳಿತವೂ ಸೂರ್ಯಾಸ್ತವೂ ಒಟ್ಟಿಗೆ ಬರುವ ಸಂಜೆಗೆ ಕಾಯಬೇಕು. ನೀರು ಹಿಂದೆ ಸರಿದಾಗ ಉಳಿಯುವ ಒದ್ದೆ ಮರಳು ಆಕಾಶದ ಬಣ್ಣವನ್ನೆಲ್ಲ ಪ್ರತಿಫಲಿಸುತ್ತದೆ. ಇನ್ನು ಮೋಡ: ಚೂರೂ ಮೋಡವಿಲ್ಲದ ಆಕಾಶ ನನಗೆ ಬೇಡವೇ ಬೇಡ. ಎತ್ತರದಲ್ಲಿ ಹಿಂಜಿದ ಹತ್ತಿಯಂಥ ತೆಳು ಮೋಡ ಇರಬೇಕು, ದಿಗಂತ ತೆರೆದಿರಬೇಕು.

ಒಂದು ಸಂಜೆ ಮೋಡ ಸಿಕ್ಕಿತು, ತೆರೆದ ದಿಗಂತ ಸಿಗಲಿಲ್ಲ.

ಬೇಗನೇ ಹೋಗಿ, ಟ್ರೈಪಾಡ್ ಬಿಚ್ಚದೆ, ಮೊಬೈಲಿನಲ್ಲೇ ಫ್ರೇಮ್ ನೋಡುತ್ತಾ ಬಂಡೆಗಳ ಕಡೆ ನಡೆದೆ. ನಿಂತು ನೋಡಿದಾಗ ಏನೂ ಅನ್ನಿಸದ ಒಂದು ನೀರಿನ ಹೊಂಡ ಮಂಡಿಯೂರಿದ ಕೂಡಲೇ ಅರ್ಧ ಆಕಾಶವನ್ನು ತೋರಿಸಿತು. ಅಲ್ಲೇ ಟ್ರೈಪಾಡ್ ಊರಿದೆ. ಊರುವ ಮುಂಚೆ ಅಲೆಗಳನ್ನು ಸ್ವಲ್ಪ ಹೊತ್ತು ಗಮನಿಸಿದೆ. ಆಗಾಗ ಒಂದು ಅಲೆ ಉಳಿದವಕ್ಕಿಂತ ಬಹಳ ಮುಂದೆ ನುಗ್ಗುತ್ತದೆ, ಒಣಗಿದ ಬಂಡೆಯೇ ಕ್ಷೇಮ.

ನೀರು ಮುಟ್ಟುವ ಮೊದಲೇ ಸೂರ್ಯ ಮಬ್ಬಿನ ಪಟ್ಟಿಯೊಳಗೆ ಮಾಯವಾದ. ಸುತ್ತ ಇದ್ದವರು ಎದ್ದು ಹೊರಟರು. ನಾನು ಕದಲಲಿಲ್ಲ. ಸೂರ್ಯ ದಿಗಂತದ ಕೆಳಗಿಳಿದ ಮೇಲೆ ಅವನ ಬೆಳಕು ವಾತಾವರಣದಲ್ಲಿ ಬಹುದೂರ ಸಾಗಿ, ನೀಲಿಯೆಲ್ಲ ಚದುರಿ, ಉಳಿದ ಕೆಂಪು ಎತ್ತರದ ಮೋಡಗಳ ಅಡಿಗೆ ಬೀಳುತ್ತದೆ. ಹದಿನೈದು ನಿಮಿಷ ಕಾದರೆ ನಷ್ಟವೇನು? ಮೊದಲು ಮಸುಕು ಗುಲಾಬಿ, ನೋಡನೋಡುತ್ತಿದ್ದಂತೆ ಮೋಡವೆಲ್ಲ ಕೆಂಪು, ಹೊಂಡವೂ ಕೆಂಪು.

ಲೆನ್ಸಿನ ತೆರಪು ಎಫ್/11, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ ಐಎಸ್‌ಒ 100, ಶಟರ್ ತೆರೆದಿದ್ದದ್ದು ಅರ್ಧ ಸೆಕೆಂಡ್. ಮರಳುವ ಅಲೆ ಗೆರೆಗೆರೆಯಾಗಿ ಮೂಡಲು ಅಷ್ಟು ಸಾಕು. ಇನ್ನೂ ಉದ್ದ ಮಾಡಿದರೆ ನೀರು ಹೊಗೆಯಾಗುತ್ತದೆ, ನನಗದು ಇಷ್ಟವಿಲ್ಲ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟಿಗೇ ಕಟ್ಟಿಹಾಕಿದ್ದೆ, ಆಟೋದಲ್ಲಿಟ್ಟರೆ ಕ್ಯಾಮೆರಾ ಆ ಕೆಂಪನ್ನೇ ದೋಷವೆಂದು ತಿದ್ದಲು ಹೊರಡುತ್ತದೆ. ನಡುನಡುವೆ ಲೆನ್ಸ್ ಒರೆಸುತ್ತಲೇ ಇರಬೇಕು, ಉಪ್ಪಿನ ತುಂತುರು ಕಣ್ಣಿಗೆ ಕಾಣುವುದಿಲ್ಲ, ಫೋಟೊದಲ್ಲಿ ಕಾಣುತ್ತದೆ.

ಉಳಿಸಿಕೊಂಡ ಚಿತ್ರದಲ್ಲಿ ಸೂರ್ಯನೇ ಇಲ್ಲ. ಮನೆಗೆ ಬಂದವನು ಅದನ್ನು ಕಂಪ್ಯೂಟರಿಗೆ ಹಾಕುವ ಮುಂಚೆ ಟ್ರೈಪಾಡಿನ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದೆ. ಉಪ್ಪುಮರಳು ಒಣಗಿದರೆ ಕೀಲುಗಳು ಕಚ್ಚಿಕೊಳ್ಳುತ್ತವೆ.