ಶಿರಸಿಯಲ್ಲೇ ಕೂತು ರೆಸಿಡೆನ್ಸಿ ಇಂಟರ್ವ್ಯೂಗೆ ತಯಾರಾದದ್ದು: ನನ್ನ ಅನುಭವ

ಊರಲ್ಲಿ ಕೂತು, ಕೋಚಿಂಗ್ ಪ್ಯಾಕೇಜ್ ತಗೊಳ್ಳದೆ ಅಮೆರಿಕದ ಮ್ಯಾಚ್ (ರೆಸಿಡೆನ್ಸಿ, ಅಂದರೆ ವೈದ್ಯರ ಸ್ನಾತಕೋತ್ತರ ತರಬೇತಿಗೆ, ಸೀಟು ಹಂಚುವ ವ್ಯವಸ್ಥೆ) ಆಗೋದಿಲ್ಲ ಅಂದವರೇ ಹೆಚ್ಚು. ಶಿರಸಿಯ ಹಂಚಿನ ಮನೆಯಿಂದಲೇ ಆನ್‌ಲೈನಿನಲ್ಲಿ ಏಳು ಇಂಟರ್ವ್ಯೂ ಕೊಟ್ಟೆ, ಇಂಟರ್ನಲ್ ಮೆಡಿಸಿನ್‌ಗೆ ಮ್ಯಾಚ್ ಆಯ್ತು. ಸ್ಟೆಪ್ ಪರೀಕ್ಷೆಗಳು, ಹೊರದೇಶದಲ್ಲಿ ಓದಿದವರಿಗೆ ಬೇಕಾದ ಇಸಿಎಫ್‌ಎಂಜಿ ಪ್ರಮಾಣಪತ್ರ, ಅರ್ಜಿ ಹಾಕುವ ಇರಾಸ್ ತಾಣ, ಇವುಗಳ ಬಗ್ಗೆ ಬೇರೆಯವರು ಬರೆದದ್ದು ಬೇಕಾದಷ್ಟಿದೆ, ಹಾಗಾಗಿ ನೇರ ಇಂಟರ್ವ್ಯೂಗೆ ಬರ್ತೇನೆ.

ಮೊದಲು ದುಡ್ಡು. 2025ರ ಮ್ಯಾಚ್ ಸಾಲಿನಲ್ಲಿ ಅರ್ಜಿ ಶುಲ್ಕ ಮೊದಲ 30 ಪ್ರೋಗ್ರಾಮ್‌ಗೆ (ಒಂದೊಂದು ಆಸ್ಪತ್ರೆಯ ರೆಸಿಡೆನ್ಸಿ) ತಲಾ 11 ಡಾಲರ್, ಆಮೇಲಿನವಕ್ಕೆ ತಲಾ 30 ಇತ್ತು. ನೂರಕ್ಕೆ ಹಾಕಿದರೆ 2,430 ಡಾಲರ್, ಅಂದರೆ ಆಗ ಸುಮಾರು ಎರಡು ಲಕ್ಷ ರೂಪಾಯಿ. ಅಷ್ಟು ಸುರಿದ ಮೇಲೆ ಅಣಕು ಇಂಟರ್ವ್ಯೂಗೆ ಗಂಟೆಗೆ ಏಳೆಂಟು ಸಾವಿರ ಕೊಡೋ ಮನಸ್ಸಾಗಲಿಲ್ಲ. ಆದರೂ ಎರಡು ಸಲ ಕೊಟ್ಟು ನೋಡಿದೆ. ಸಿಕ್ಕಿದ್ದು ಎಲ್ಲರಿಗೂ ಕೊಡುವ ಅದೇ ಉತ್ತರಗಳ ಪಟ್ಟಿ.

ಆ ಪಟ್ಟಿಯಿಂದ ಎಂಬತ್ತು ಉತ್ತರ ಉರು ಹೊಡೆದದ್ದು ದೊಡ್ಡ ತಪ್ಪು. ಉರು ಹೊಡೆದದ್ದು ಮೊದಲ ಪ್ರಶ್ನೆಗೆ ನಿಲ್ತದೆ. 'ಸರಿ, ಆಗ ನೀವೇನು ಮಾಡಿದಿರಿ?' ಅಂತ ಎರಡನೆಯದು ಬಂದ ಕೂಡಲೇ ಕುಸೀತದೆ. ಪರದೆಯಲ್ಲಿ ಓದುವ ಕಣ್ಣು ಎಡದಿಂದ ಬಲಕ್ಕೆ ಓಡೋದೂ ರೆಕಾರ್ಡಿಂಗ್‌ನಲ್ಲಿ ಸ್ಪಷ್ಟ ಕಂಡಿತು.

ಅದನ್ನೆಲ್ಲ ಬಿಟ್ಟು ಒಂಬತ್ತು ಘಟನೆ ಇಟ್ಟುಕೊಂಡೆ: ನನ್ನಿಂದಾದ ತಪ್ಪು, ಹಿರಿಯರ ಜೊತೆ ಭಿನ್ನಾಭಿಪ್ರಾಯ, ಒಂದು ಸಾವು, ಕೆಟ್ಟ ಸುದ್ದಿ ಹೇಳಿದ್ದು, ಕಿರಿಯರಿಗೆ ಕಲಿಸಿದ್ದು, ಹೀಗೆ. ಒಂದೊಂದಕ್ಕೆ ಪೋಸ್ಟ್‌ಕಾರ್ಡ್ ಅಳತೆಯ ಚೀಟಿ, ನಾಲ್ಕೇ ಸಾಲು: ಪರಿಸ್ಥಿತಿ, ಅದರಲ್ಲಿ ನನ್ನ ಪಾಲು, ಏನಾಯ್ತು, ಈಗ ಏನು ಬೇರೆ ಮಾಡ್ತೇನೆ. ಒಂದು ಘಟನೆ ಮೂರು ನಾಲ್ಕು ಪ್ರಶ್ನೆಗೆ ಹೊಂದ್ತದೆ. ಇದನ್ನು ಮೊದಲು ಕನ್ನಡದಲ್ಲಿ, ಡಾಕ್ಟರಲ್ಲದ ಮನೆಯವರಿಗೆ ಹೇಳಬೇಕು. ಎಲ್ಲರೂ ಬೇಡ ಅಂದದ್ದು ಇದನ್ನೇ. ಆದರೆ ಕನ್ನಡದಲ್ಲಿ ಹೇಳುವಾಗ ಯಾವುದರ ಮೇಲೆ ಯಾವುದು ಆಯ್ತು ಅನ್ನೋದು ತಾನಾಗಿ ಸರಿ ಕೂರ್ತದೆ, ನೇರ ಇಂಗ್ಲಿಷಿಗೆ ಇಳಿದರೆ ಪುಸ್ತಕದ ವಾಕ್ಯವೇ ಬರ್ತದೆ. ಅತ್ತಿಗೆ ಎಲ್ಲಿ 'ಅಂದ್ರೆ?' ಅಂತ ಕೇಳ್ತಾರೋ ಅಲ್ಲೇ ಗಂಟು. ಬಿಡಿಸಿದ ಮೇಲೆ ಇಂಗ್ಲಿಷ್, 90 ಸೆಕೆಂಡಿನೊಳಗೆ.

ನಮ್ಮ ಕಡೆಯ ಕೇಸುಗಳನ್ನು ಮುಚ್ಚಿಡಬೇಡಿ. ಮಂಗನ ಕಾಯಿಲೆ ಅಂದರೆ ಅವರಲ್ಲಿ ಹೆಚ್ಚಿನವರಿಗೆ ಹೊಸದು. '1957ರಲ್ಲಿ ಶಿವಮೊಗ್ಗದ ಕಾಡಿನಲ್ಲಿ ಮಂಗಗಳು ಸತ್ತಾಗ ಗುರುತಿಸಿದ, ಉಣ್ಣಿ ಹುಳದಿಂದ ಹರಡುವ ಫ್ಲೇವಿವೈರಸ್ ಜ್ವರ' ಅಂತ ಒಂದೇ ವಾಕ್ಯ ಹೇಳಿ ರೋಗಿಯ ವಿಷಯಕ್ಕೆ ಬನ್ನಿ. ವೈರಸ್ ಪಾಠ ಶುರು ಮಾಡಿದರೆ ಎಂಟು ನಿಮಿಷ ಹೋಗ್ತದೆ, ನಿಮ್ಮ ಬಗ್ಗೆ ಏನೂ ಉಳಿಯೋದಿಲ್ಲ. ಇದಕ್ಕಿಂತ ಚೆನ್ನಾಗಿ ಓಡಿದ್ದು ಕೊಳಕುಮಂಡಲದ ಕಡಿತ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಸ್ವಚ್ಛ, ಒಣ ಗಾಜಿನ ಟ್ಯೂಬೇ ಬೇಕು. ಪ್ಲಾಸ್ಟಿಕ್ ಆದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜಾದರೆ, ವಿಷ ಏರದಿದ್ದರೂ ರಕ್ತ ಹೆಪ್ಪುಗಟ್ಟದೆ ಇರಬಹುದು. ಸಣ್ಣ ಆಸ್ಪತ್ರೆಯಲ್ಲಿ ಆ ಟ್ಯೂಬ್ ಹೊಂದಿಸುವ ಮಾತು ತೆಗೆದಲ್ಲೆಲ್ಲ ಮುಂದಿನ ಪ್ರಶ್ನೆ ಅವರಾಗಿ ಕೇಳಿದರು.

ಮಾತಿನಲ್ಲಿ ಕೆಡಿಸೋದು ವ್ಯಾಕರಣವಲ್ಲ, ಪದ. 'ಪಾಸ್ಡ್ ಔಟ್ ಇನ್ 2019' ಅಂದರೆ ಅವರಿಗೆ ಎಚ್ಚರ ತಪ್ಪಿ ಬಿದ್ದಂತೆ. ಕ್ಯಾಶುವಾಲ್ಟಿ ಅಲ್ಲ, ಎಮರ್ಜೆನ್ಸಿ ಡಿಪಾರ್ಟ್‌ಮೆಂಟ್. ಪೋಸ್ಟಿಂಗ್ ಅಲ್ಲ, ರೊಟೇಶನ್. ಶಸ್ತ್ರಚಿಕಿತ್ಸೆ ಕೋಣೆಗೆ ಓಟಿ ಅಲ್ಲ, ಓಆರ್. ಪ್ಯಾರಾಸಿಟಮಾಲ್ ಅಸಿಟಮಿನೊಫೆನ್ ಆಗಬೇಕು, ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬುಟಮಾಲ್ ಅಲ್ಬ್ಯುಟೆರಾಲ್. 'ಡೌಟ್ ಇದೆ' ಅಂದರೆ ನಿಮ್ಮ ಮಾತು ನಂಬೋದಿಲ್ಲ ಅಂದ ಹಾಗೆ ಕೇಳ್ತದೆ. ಮೂರು ವಾರ ಮನೆಯಲ್ಲೂ ಇವೇ ಪದ ಬಳಸಿದೆ. ನಡುವೆ ಒಂದು ಪ್ರಯೋಗ: ಉತ್ತರ ರೆಕಾರ್ಡ್ ಮಾಡಿ ಪದ ಎಣಿಸಿದೆ. ನಿಮಿಷಕ್ಕೆ 170ರ ಹತ್ತಿರ ಇತ್ತು, 135ಕ್ಕೆ ಇಳಿಸಿದ ಮೇಲೆ 'ಇನ್ನೊಮ್ಮೆ ಹೇಳಿ' ಅನ್ನೋದು ನಿಂತಿತು. ನಿಂತು ಮಾತಾಡಿಯೂ ನೋಡಿದೆ. ಧ್ವನಿ ಚೆನ್ನಾಗಿ ಬರ್ತದೆ, ಮೈ ತೂಗಾಡ್ತದೆ, ಬಿಟ್ಟೆ.

ಕೋಣೆಗೆ ಮುಚ್ಚಿಗೆ ಬೇಕೇ ಬೇಕು. ಅಕ್ಟೋಬರಿನ ಮಳೆ ಹಂಚಿನ ಮೇಲೆ ಹೊಡೆದರೆ ಯಾವ ಮೈಕೂ ತಡೆಯೋದಿಲ್ಲ. ಲ್ಯಾಪ್‌ಟಾಪಿನ ಹಿಂದಿನ ಗೋಡೆಗೆ ಕಂಬಳಿ ತೂಗಿಸಿದರೆ ಮಾತು ಮಾರ್ದನಿಸೋದಿಲ್ಲ, ಎರಡು ಮಣೆ ಪೇರಿಸಿ ಲ್ಯಾಪ್‌ಟಾಪ್ ಇಟ್ಟರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಫ್ಯಾನ್ ಗುಂಯ್‌ಗುಡ್ತದೆ, ಆರಿಸಿಡಿ. ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್, ಎರಡು ಸಾವಿರದ ಒಳಗೆ. ಅದಿದ್ದರೂ ಫೈಬರ್ ಇಂಟರ್ನೆಟ್ ಸಾಯಬಹುದು, ಯಾಕಂದರೆ ಕೆಲವು ಕಡೆ ಬೀದಿಯ ಪೆಟ್ಟಿಗೆಗೂ ಕರೆಂಟ್ ಬೇಕು. ಬೇರೆ ಕಂಪನಿಯ ಸಿಮ್ ಹಾಕಿದ ಫೋನಿನ ಹಾಟ್‌ಸ್ಪಾಟ್ ಸದಾ ಆನ್ ಇರಲಿ. ಅಣಕು ಇಂಟರ್ವ್ಯೂ ನಡುವೆ ಬೇಕೆಂದೇ ರೂಟರ್ ಪ್ಲಗ್ ಕಿತ್ತು ಅಭ್ಯಾಸ ಮಾಡಿ. ಮೊದಲು ಎರಡು ನಿಮಿಷ ಹೋಗ್ತಿತ್ತು, ಕೊನೆಗೆ 25 ಸೆಕೆಂಡಿಗೆ ತಂದೆ. ಸೂಟ್ ಎರಡು ದಿನ ಮೊದಲೇ ತೆಗೆದು ನೋಡಿ, ಕಾಲರಿಗೆ ಬೂಷ್ಟು ಬಂದಿರ್ತದೆ.

ಗಡಿಯಾರದ ವಿಷಯ. ಅವರ ಪೂರ್ವ ಕರಾವಳಿಯ ಬೆಳಿಗ್ಗೆ 9 ಅಕ್ಟೋಬರಿನಲ್ಲಿ ನಮಗೆ ಸಂಜೆ 6:30, ನವೆಂಬರಿನ ಮೊದಲ ಭಾನುವಾರದಿಂದ 7:30. ಮುಗಿಯೋದು ರಾತ್ರಿ ಒಂದೂವರೆ. ಇಂಟರ್ವ್ಯೂ ಹಿಂದಿನ ಸಂಜೆ ಅಲ್ಲಿನ ರೆಸಿಡೆಂಟ್‌ಗಳ ಜೊತೆ ಆಗುವ ಆನ್‌ಲೈನ್ ಭೇಟಿ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ. ಅದಾದ ಮೇಲೆ ಮಲಗಿ, ಕಾಫಿ ಮಧ್ಯಾಹ್ನಕ್ಕೇ ಇರಲಿ.

ಪ್ರತಿ ಪ್ರೋಗ್ರಾಮ್‌ಗೆ 40 ನಿಮಿಷ, ಒಂದು ಹಾಳೆ: ಹೊರರೋಗಿಗಳನ್ನು ನೋಡುವ ಕ್ಲಿನಿಕ್ ವಾರ ಎಷ್ಟು ವಾರಕ್ಕೊಮ್ಮೆ ಬರ್ತದೆ, ವೀಸಾ ಯಾವುದು, ಅಲ್ಲಿನ ರೋಗಿಗಳು ಯಾರು. ವೆಬ್‌ಸೈಟಿನಲ್ಲಿ ಇರೋದನ್ನು ಕೇಳಬೇಡಿ. ಪ್ರೋಗ್ರಾಮ್ ಡೈರೆಕ್ಟರಿಗೆ ಕೊನೆಯಲ್ಲಿ ಕೇಳಲು ಒಂದು ಪ್ರಶ್ನೆ ಇಟ್ಟುಕೊಂಡಿದ್ದೆ, ಏಳರಲ್ಲಿ ಐದು ಕಡೆ ಮಾತು ಅದರಿಂದಲೇ ಬೆಳೀತು. ಅದನ್ನಿಲ್ಲಿ ಬರೆಯೋದಿಲ್ಲ, ನೂರು ಜನ ಕೇಳಿದರೆ ಸತ್ತುಹೋಗ್ತದೆ. ಧನ್ಯವಾದದ ಮೇಲ್ ಮಾರನೆಯ ದಿನದೊಳಗೆ, ಮಾತಾಡಿದ ಒಂದು ವಿಷಯ ಹಿಡಿದು ನಾಲ್ಕು ಸಾಲು. ಮೇಲ್ ಬೇಡ ಅಂದ ಪ್ರೋಗ್ರಾಮ್‌ಗೆ ಕಳಿಸಬೇಡಿ.